ನೀರಿನಡಿಗೆ ಕ್ಯಾಮೆರಾ ಒಯ್ದ ಕುಸ್ತೋ

ಕೃಷ್ಣೆಯ ದಂಡೆಯ ಊರಿನವರಿಗೆ ನೀರು ಹೊಸದಲ್ಲ. ಮಕ್ತಲ್ ಸೀಮೆಯಲ್ಲಿ ಭೀಮೆ ಬಂದು ಕೃಷ್ಣೆಯನ್ನು ಕೂಡುತ್ತಾಳೆ. ಮುಂದೆ ಗದ್ವಾಲ ಕಡೆ ಜುರಾಲಾ ಹಿನ್ನೀರು ಹರಡಿಕೊಂಡಿದೆ. ಹರಿಗೋಲು ಹಾಕುವವರು, ಬಲೆ ಬೀಸುವವರು, ಈಜು ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೂ ನೀರಿನ ಮೇಲೆ ಏನಿದೆ ಎಂದು ಗೊತ್ತಿದ್ದಷ್ಟು ನೀರಿನ ಒಳಗೆ ಏನಿದೆ ಎಂದು ನಮಗೆ ಗೊತ್ತಿಲ್ಲ. ಆ ಒಳಗಿನ ಲೋಕವನ್ನು ರೀಲು ಕ್ಯಾಮೆರಾದಲ್ಲಿ ಹಿಡಿದು ಜಗತ್ತಿಗೆಲ್ಲ ತೋರಿಸಿದವರಲ್ಲಿ ಮೊದಲು ನೆನಪಾಗುವ ಹೆಸರು ಫ್ರಾನ್ಸ್ ದೇಶದ ಜಾಕ್ ಈವ್ ಕುಸ್ತೋ.

ಕುಸ್ತೋ ಹುಟ್ಟಿದ್ದು 1910ರ ಜೂನ್ 11ರಂದು, ಬೋರ್ಡೋ ನಗರದ ಹತ್ತಿರದ ಒಂದು ಸಣ್ಣ ಊರಿನಲ್ಲಿ. ತಂದೆ ವಕೀಲರು. ಹುಡುಗನಿಗೆ ಓದಿಗಿಂತ ಯಂತ್ರಗಳ ಮೇಲೆ ಆಸೆ ಹೆಚ್ಚು. ಹದಿಮೂರರ ವಯಸ್ಸಿನಲ್ಲೇ ಕೂಡಿಟ್ಟ ದುಡ್ಡಿನಲ್ಲಿ ಒಂದು ಸಿನಿಮಾ ಕ್ಯಾಮೆರಾ ಕೊಂಡು, ಅದನ್ನು ಬಿಚ್ಚಿ ಜೋಡಿಸಿ ಕಲಿತ. 1930ರಲ್ಲಿ ನೌಕಾಪಡೆಯ ಶಾಲೆ ಸೇರಿದ. ವಿಮಾನ ಹಾರಿಸಬೇಕು ಎಂಬುದು ಅವರ ಕನಸಾಗಿತ್ತು. ಆದರೆ ಒಂದು ರಾತ್ರಿ ಕಾರು ಅಪಘಾತವಾಗಿ ಎರಡೂ ಕೈಗಳಿಗೆ ಪೆಟ್ಟು ಬಿತ್ತು. ಪೈಲಟ್ ಆಗುವ ಆಸೆ ಅಲ್ಲಿಗೆ ಮುಗಿಯಿತು.

ಕೈಗಳಿಗೆ ಬಲ ಬರಲಿ ಎಂದು ಕುಸ್ತೋ ತೂಲೋನ್ ಬಂದರಿನ ಸಮುದ್ರದಲ್ಲಿ ಈಜತೊಡಗಿದರು. 1936ರಲ್ಲಿ ನೌಕಾಪಡೆಯ ಗೆಳೆಯ ಫಿಲಿಪ್ ತಾಯೇ ಅವರಿಗೆ ಈಜುವಾಗ ಹಾಕಿಕೊಳ್ಳುವ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ತಲೆ ಮುಳುಗಿಸಿದಾಗ ಕಂಡ ಕಲ್ಲು, ಪಾಚಿ, ಮೀನುಗಳು ಅವರ ಬದುಕಿನ ದಾರಿಯನ್ನೇ ಬದಲಿಸಿದವು. ಮರುವರ್ಷ ಸಿಮೋನ್ ಅವರೊಡನೆ ಮದುವೆ ಆಯಿತು.

ಕಂಡದ್ದನ್ನು ಬೇರೆಯವರಿಗೂ ತೋರಿಸಬೇಕಲ್ಲ? ಅದು ಸುಲಭದ ಕೆಲಸವಾಗಿರಲಿಲ್ಲ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಕ್ಯಾಮೆರಾ ಇಟ್ಟ ಡಬ್ಬಿ ಆ ಒತ್ತಡ ತಾಳಬೇಕು, ಒಂದು ಹನಿ ನೀರೂ ಒಳಗೆ ಬರಬಾರದು. ಡಬ್ಬಿಯೊಳಗಿನ ಗುಂಡಿಗಳನ್ನು ಹೊರಗಿನಿಂದಲೇ ತಿರುಗಿಸುವಂತಿರಬೇಕು. ನೀರೊಳಗೆ ವಸ್ತುಗಳು ಇರುವುದಕ್ಕಿಂತ ಹತ್ತಿರ, ಸುಮಾರು ಮೂರರಲ್ಲಿ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ. ಹಾಗಾಗಿ ದೂರದ ಅಂದಾಜು ತಪ್ಪುತ್ತದೆ. ಇಳಿದಷ್ಟೂ ಬಣ್ಣ ಸಾಯುತ್ತದೆ. ಮೊದಲು ಹೋಗುವುದು ಕೆಂಪು. ಹತ್ತು ಮೀಟರ್ ಕೆಳಗೆ ಕೆಂಪು ಮೀನೂ ಬೂದು ಬಣ್ಣಕ್ಕೆ ಕಾಣುತ್ತದೆ.

ಅದರ ಮೇಲೆ ಎರಡನೇ ಮಹಾಯುದ್ಧ. ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿ ಸಿನಿಮಾ ರೀಲು ಸಿಗುತ್ತಿರಲಿಲ್ಲ. ಕುಸ್ತೋ ದಂಪತಿ ಫೋಟೋ ತೆಗೆಯುವ ಸಣ್ಣ ಸಣ್ಣ ರೋಲುಗಳನ್ನು ಕೊಂಡು, ಕತ್ತಲಲ್ಲಿ ಒಂದಕ್ಕೊಂದು ಅಂಟಿಸಿ ಉದ್ದ ರೀಲು ಮಾಡಿದರು. ಹಳೆಯ ಕೈನಾಮೋ ಕ್ಯಾಮೆರಾಕ್ಕೆ ಲಿಯೋನ್ ವೆಶ್ ಎಂಬ ಮೆಕ್ಯಾನಿಕ್ ನೀರು ಹೋಗದ ಡಬ್ಬಿ ಕಟ್ಟಿಕೊಟ್ಟ. ಉಸಿರು ಕಟ್ಟಿ ಮುಳುಗಿ, ಗೆಳೆಯ ದುಮಾ ಮೀನು ಬೇಟೆಯಾಡುವುದನ್ನು ಹದಿನೆಂಟು ಮೀಟರ್ ಆಳದವರೆಗೆ ಹೋಗಿ ತೆಗೆದರು. ಅವರ ಮೊದಲ ನೀರೊಳಗಿನ ಚಿತ್ರ ಅದು.

ಉಸಿರು ಕಟ್ಟಿ ಎಷ್ಟು ಹೊತ್ತು ಇರಲಾದೀತು? ಪೆಟ್ರೋಲ್ ಸಿಗದ ಕಾಲದಲ್ಲಿ ಕಾರನ್ನು ಗ್ಯಾಸಿನಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರ್ ಒಂದು ವಾಲ್ವ್ ಮಾಡಿದ್ದರು. ಇಬ್ಬರೂ ಸೇರಿ 1943ರಲ್ಲಿ ಅದನ್ನೇ ಮುಳುಗುವವನಿಗೆ ಬೇಕಾದಷ್ಟೇ ಗಾಳಿ ಕೊಡುವ ಸಾಧನವಾಗಿ ಮಾರ್ಪಡಿಸಿದರು. ಅದರ ಹೆಸರು ಆಕ್ವಾಲಂಗ್. ಬೆನ್ನ ಮೇಲೆ ಗಾಳಿಯ ಸಿಲಿಂಡರ್ ಹೊತ್ತು ಇಳಿದವನ ಎರಡೂ ಕೈ ಖಾಲಿ. ಆ ಕೈಗಳಿಗೆ ಕ್ಯಾಮೆರಾ ಬಂತು.

1950ರಲ್ಲಿ ಒಬ್ಬ ಶ್ರೀಮಂತರ ನೆರವಿನಿಂದ ಯುದ್ಧಕಾಲದ ಹಳೆಯ ಹಡಗೊಂದು ಸಿಕ್ಕಿತು. ಅದೇ ಕ್ಯಾಲಿಪ್ಸೋ. ಹಡಗು ಸಜ್ಜುಗೊಳಿಸಲು ಸಿಮೋನ್ ತಮ್ಮ ಒಡವೆಗಳನ್ನು ಮಾರಿದರು. ಗಂಡನಿಗಿಂತ ಹೆಚ್ಚು ದಿನ ಆ ಹಡಗಿನಲ್ಲಿ ಬದುಕಿದವರು ಅವರೇ. ಆದರೆ ಪರದೆಯ ಮೇಲೆ ಕಂಡದ್ದು ಕಡಿಮೆ.

1956ರಲ್ಲಿ ಲೂಯಿ ಮಾಲ್ ಜೊತೆ ಮಾಡಿದ ಮೌನಲೋಕ ಎಂಬ ಅರ್ಥದ ಹೆಸರಿನ ಚಿತ್ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಮುಂದೆ ಆಸ್ಕರ್ ಕೂಡ ಬಂತು. ಸಮುದ್ರದ ತಳದ ಬಣ್ಣಗಳನ್ನು ಜನ ಬೆರಗಿನಿಂದ ನೋಡಿದರು.

ಅದೇ ಚಿತ್ರದಲ್ಲಿ ಕುಸ್ತೋ ಅವರ ಕೆಟ್ಟ ಮುಖವೂ ಇದೆ. ಎಷ್ಟು ಬಗೆಯ ಮೀನುಗಳಿವೆ ಎಂದು ಎಣಿಸಲು ಅವರ ತಂಡ ಹವಳದ ದಿಬ್ಬದಲ್ಲಿ ಡೈನಮೈಟ್ ಸಿಡಿಸಿತು. ಹಡಗಿನ ಪಂಖಕ್ಕೆ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ನಾವಿಕರು ಮೇಲೆಳೆದು ಬಡಿದು ಕೊಂದರು. ಇದನ್ನೆಲ್ಲ ಮುಚ್ಚಿಡದೆ ತೋರಿಸಿದ್ದಾರೆ. ಆಗ ಅದು ತಪ್ಪು ಎಂದು ಅವರಿಗೆ ಅನಿಸಿರಲಿಲ್ಲ. ವರ್ಷಗಳು ಕಳೆದಂತೆ, ಮೊದಲು ಮುಳುಗಿದ ಜಾಗಗಳಲ್ಲೇ ಮೀನು ಕಡಿಮೆಯಾದದ್ದನ್ನು ಅವರೇ ಕಂಡರು. 1960ರಲ್ಲಿ ಅಣು ಕಸವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಸುರಿಯುವ ಸರ್ಕಾರದ ಯೋಜನೆಗೆ ವಿರೋಧ ಎದ್ದಾಗ ಅದರ ಮುಂದೆ ನಿಂತರು. ಯೋಜನೆ ನಿಂತಿತು. 1973ರಲ್ಲಿ ಸಮುದ್ರದ ಉಳಿವಿಗಾಗಿ ತಮ್ಮ ಹೆಸರಿನ ಸಂಸ್ಥೆ ಕಟ್ಟಿದರು.

ಫೋಟೋ ತೆಗೆಯುವವರಿಗೆ ಅವರಿಂದ ಸಿಕ್ಕ ದೊಡ್ಡ ಕೊಡುಗೆ ಇನ್ನೊಂದು. ಡಬ್ಬಿ ಭಾರ, ಬೆಲೆಯೂ ಭಾರ. ಕ್ಯಾಮೆರಾವೇ ನೀರು ಹೋಗದಂತಿದ್ದರೆ ಡಬ್ಬಿ ಏಕೆ ಎಂಬುದು ಕುಸ್ತೋ ಅವರ ಯೋಚನೆ. ಬೆಲ್ಜಿಯಂನ ಇಂಜಿನಿಯರ್ ಜಾನ್ ದ ವೌಟರ್ಸ್ ಅದನ್ನು ಮಾಡಿ ತೋರಿಸಿದರು. ಕ್ಯಾಲಿಪ್ಸೋ ಹಡಗಿನ ಹೆಸರಿನಲ್ಲೇ ಆ 35 ಎಂ.ಎಂ. ಕ್ಯಾಮೆರಾ ಬಂತು. 1963ರಲ್ಲಿ ಜಪಾನಿನ ನಿಕಾನ್ ಕಂಪನಿ ಅದನ್ನು ನಿಕೋನೋಸ್ ಎಂದು ತಯಾರಿಸತೊಡಗಿತು. 2001ರವರೆಗೂ ಅದು ತಯಾರಾಯಿತು.

ಆ ಕ್ಯಾಮೆರಾ ಆಗಲಿ, ಡಬ್ಬಿಯೊಳಗಿನ ಕ್ಯಾಮೆರಾ ಆಗಲಿ, ಉಳಿಯುವುದು ಒಂದು ರಬ್ಬರ್ ಉಂಗುರದ ಮೇಲೆ. ಅದಕ್ಕೆ ತೆಳ್ಳಗೆ ಗ್ರೀಸ್ ಹಚ್ಚಬೇಕು. ಒಂದು ಕೂದಲೆಳೆ, ಒಂದು ಮರಳ ಕಣ ಸಿಕ್ಕಿಕೊಂಡರೂ ನೀರು ಒಳಗೆ ಬಂದು ಕ್ಯಾಮೆರಾ ಹಾಳು. ರೀಲಿನಲ್ಲಿ ಇರುವುದು ಮೂವತ್ತಾರು ಚಿತ್ರ. ಕೆಳಗೆ ರೀಲು ಬದಲಿಸುವಂತಿಲ್ಲ. ಚಿತ್ರ ಬಂದಿದೆಯೋ ಇಲ್ಲವೋ ರೀಲು ತೊಳೆದ ಮೇಲೇ ಗೊತ್ತು. ಫ್ಲ್ಯಾಶನ್ನು ಕ್ಯಾಮೆರಾಕ್ಕೆ ಅಂಟಿಸಿದಂತೆ ಹಿಡಿದರೆ ನೀರಿನ ಧೂಳೆಲ್ಲ ಬೆಳಗಿ ಚಿತ್ರ ಕೆಡುತ್ತದೆ, ಪಕ್ಕಕ್ಕೆ ದೂರ ಹಿಡಿಯಬೇಕು. ಮಳೆಗಾಲದ ಕೆಂಪು ಕೃಷ್ಣೆಯಲ್ಲಿ ಯಾವ ಫ್ಲ್ಯಾಶೂ ನಡೆಯದು.

ಕುಸ್ತೋ ಅವರ ಕೊನೆಯ ದಿನಗಳು ಸುಖದವಲ್ಲ. ಜೊತೆಗೆ ದುಡಿಯುತ್ತಿದ್ದ ಕಿರಿಯ ಮಗ ಫಿಲಿಪ್ 1979ರಲ್ಲಿ ಪೋರ್ಚುಗಲ್ಲಿನಲ್ಲಿ, ನೀರಿನ ಮೇಲೆ ಇಳಿಯುವ ವಿಮಾನದ ಅಪಘಾತದಲ್ಲಿ ತೀರಿಕೊಂಡರು. 1990ರಲ್ಲಿ ಸಿಮೋನ್ ಹೋದರು. 1996ರಲ್ಲಿ ಸಿಂಗಪುರ ಬಂದರಿನಲ್ಲಿ ಬಾರ್ಜ್ ಬಡಿದು ಕ್ಯಾಲಿಪ್ಸೋ ಮುಳುಗಿತು. ಅದನ್ನು ಮೇಲೆತ್ತಿದರೂ ಕುಸ್ತೋ ಮತ್ತೆ ಅದರಲ್ಲಿ ಹೋಗಲಿಲ್ಲ. 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ, 87ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಹುಟ್ಟಿದ ಊರಿನಲ್ಲೇ ಮಣ್ಣು ಮಾಡಿದರು.

ಡೈನಮೈಟ್ ಸಿಡಿಸಿ ಮೀನು ಹಿಡಿಯುವುದು ನಮ್ಮ ದೇಶದಲ್ಲಿ 1897ರ ಕಾಯ್ದೆಯಿಂದಲೇ ಅಪರಾಧ. ಒಂದು ಸಿಡಿತಕ್ಕೆ ದೊಡ್ಡ ಮೀನಿನ ಜೊತೆ ಮರಿಗಳೂ ಸಾಯುತ್ತವೆ, ಮುಂದಿನ ವರ್ಷದ ಬಲೆ ಖಾಲಿ. ಸಮುದ್ರವನ್ನು ಅಷ್ಟು ಪ್ರೀತಿಸಿದವರೂ ಒಮ್ಮೆ ಆ ತಪ್ಪು ಮಾಡಿ, ಉಳಿದ ಬದುಕೆಲ್ಲ ಸಮುದ್ರ ಉಳಿಸುವ ಮಾತಾಡಿದರು. ನಮ್ಮ ಹೊಳೆಗೆ ಅಷ್ಟು ಕಾಲ ಕಾಯುವ ಶಕ್ತಿ ಇಲ್ಲ. ಬೇಸಿಗೆಯಲ್ಲಿ ನೀರು ತಿಳಿಯಾದಾಗ ದಂಡೆಯಲ್ಲಿ ನಿಂತು ಒಮ್ಮೆ ಕೆಳಗೆ ನೋಡಿ. ಅಲ್ಲಿ ಓಡಾಡುವ ಮರಿಮೀನುಗಳೇ ಮುಂದಿನ ವರ್ಷದ ಬಲೆಯ ಮೀನು.