ಮೂರು ಕರೆಗಳು

1890ರ ಸುಮಾರಿಗೆ ಐಡಾ ಸ್ಕಡರ್ ಅಮೆರಿಕದಿಂದ ಮದರಾಸು ಪ್ರಾಂತದ ತಿಂಡಿವನಕ್ಕೆ ಬಂದರು. ಅಲ್ಲಿ ಮಿಷನರಿ ವೈದ್ಯರಾಗಿದ್ದ ತಂದೆಯ ಹಾದಿ ಹಿಡಿಯುವ ಮನಸ್ಸು ಆ ತರುಣಿಗೆ ಇರಲಿಲ್ಲ. ಕಾಯಿಲೆಯಿಂದಿದ್ದ ತಾಯಿಯ ಆರೈಕೆಗೆಂದು ಬಂದಿದ್ದರಷ್ಟೆ.

ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಹೆರಿಗೆಯ ಸಂಕಟದಲ್ಲಿದ್ದ ತಮ್ಮ ಪತ್ನಿಯರನ್ನು ಉಳಿಸಬೇಕೆಂದು ಆಕೆಯನ್ನು ಬೇಡಿಕೊಂಡರು. ಆಕೆ ವೈದ್ಯೆಯಲ್ಲ. ತಂದೆಯನ್ನು ಕರೆದೊಯ್ಯಲು ಅವರು ಒಪ್ಪಲಿಲ್ಲ. ಪರಪುರುಷನು ಬಾಣಂತಿಯ ಕೋಣೆಯನ್ನು ಹೊಗಬಾರದು. ಅವರನ್ನು ಕಠಿಣಹೃದಯರೆನ್ನಲಾಗದು, ಅವರೂ ಸಂಪ್ರದಾಯದ ಬಂದಿಗಳೇ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಅಸುನೀಗಿದ್ದರು.

ಐಡಾ ಆ ಕರೆಗಳನ್ನು ದೇವರ ಕರೆಯೆಂದೇ ತಿಳಿದು, ಒಲ್ಲೆನೆಂದಿದ್ದ ಹಾದಿಗೆ ತಮ್ಮನ್ನು ಒಪ್ಪಿಸಿಕೊಂಡರು. 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದು, ಮರುವರ್ಷ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನೂ ಆರಂಭಿಸಿದರು. ತಂದೆಯವರು ಹೊಗಲಾಗದಿದ್ದಂಥ ಕೋಣೆಗಳನ್ನು ಅಲ್ಲಿ ಕಲಿತ ವೈದ್ಯೆಯರು ಹೊಕ್ಕರು.