ಕಣ್ಣು ಸರಿಯಿಲ್ಲ ಎಂದು ತಿರಸ್ಕೃತರಾದವರು, 14 ದಿನದಲ್ಲಿ 10 ಗೆಲುವು: ಪೈಲಟ್ ಆಗಬಯಸುವವರಿಗೆ ಇಂದ್ರಲಾಲ್ ರಾಯ್ ಬದುಕಿನ ಪಾಠ

ವಾಯುಪಡೆಯ ಪೈಲಟ್ ಆಗಬೇಕು ಎಂದು ಹೊರಟ ಎಷ್ಟೋ ಯುವಕ ಯುವತಿಯರ ಕನಸು ಕಣ್ಣಿನ ಪರೀಕ್ಷೆಯ ಕೋಣೆಯಲ್ಲೇ ಮುಗಿದುಹೋಗುತ್ತದೆ. ನೂರು ವರ್ಷಗಳ ಹಿಂದೆ ಲಂಡನ್‌ನಲ್ಲಿ ಓದುತ್ತಿದ್ದ ಬಂಗಾಳಿ ವಿದ್ಯಾರ್ಥಿಯೊಬ್ಬರಿಗೂ ಹೀಗೇ ಆಗಿತ್ತು. ದೃಷ್ಟಿದೋಷವಿದೆ ಎಂದು ಅವರ ಅರ್ಜಿಯನ್ನು ತಿರಸ್ಕರಿಸಲಾಗಿತ್ತು. ಅದೇ ವಿದ್ಯಾರ್ಥಿ ಮುಂದೆ ಮೊದಲ ಮಹಾಯುದ್ಧದ ಆಕಾಶದಲ್ಲಿ ಹತ್ತು ಗೆಲುವು ಸಾಧಿಸಿ, ಭಾರತದ ಮೊದಲ ಫೈಟರ್ ಏಸ್ ಎನಿಸಿಕೊಂಡರು. ಅವರೇ ಇಂದ್ರಲಾಲ್ ರಾಯ್.

ಎನ್‌ಡಿಎ, ಎಎಫ್‌ಕ್ಯಾಟ್ ಪರೀಕ್ಷೆಗಳಿಗೆ ತಯಾರಿ ನಡೆಸುತ್ತಿರುವವರು ಒಮ್ಮೆ ಓದಲೇಬೇಕಾದ ಬದುಕು ಇದು. ಇದರಲ್ಲಿ ಹಟವಿದೆ, ಸೋಲಿದೆ, ತಾಳ್ಮೆಯಿದೆ. ಈ ವೃತ್ತಿ ಕೇಳುವ ಬೆಲೆ ಎಷ್ಟು ಎಂಬ ಎಚ್ಚರಿಕೆಯೂ ಇದೆ.

ಕೋಲ್ಕತ್ತಾದಿಂದ ಲಂಡನ್‌ಗೆ

ಇಂದ್ರಲಾಲ್ ರಾಯ್ ಹುಟ್ಟಿದ್ದು 1898ರ ಡಿಸೆಂಬರ್ 2ರಂದು ಅಂದಿನ ಕಲ್ಕತ್ತಾದಲ್ಲಿ. ತಂದೆ ಪಿಯರಿ ಲಾಲ್ ರಾಯ್ ಬ್ಯಾರಿಸ್ಟರ್. ತಾಯಿ ಲಲಿತಾ ರಾಯ್ ಮಹಿಳೆಯರ ಮತದಾನದ ಹಕ್ಕಿಗಾಗಿ ಲಂಡನ್‌ನಲ್ಲಿ ದನಿಯೆತ್ತಿದವರು. 1911ರಲ್ಲಿ ಅಲ್ಲಿ ನಡೆದ ಮಹಿಳೆಯರ ಬೃಹತ್ ಮೆರವಣಿಗೆಯಲ್ಲಿ ಭಾರತೀಯ ಮಹಿಳೆಯರ ತಂಡದೊಂದಿಗೆ ಹೆಜ್ಜೆ ಹಾಕಿದ್ದರು. ಅಣ್ಣ ಪರೇಶ್ ಲಾಲ್ ರಾಯ್ ಮುಂದೆ ಭಾರತದಲ್ಲಿ ಬಾಕ್ಸಿಂಗ್ ಕ್ರೀಡೆ ಬೆಳೆಸಿ ಹೆಸರಾದರು.

ಮಕ್ಕಳ ಓದಿಗಾಗಿ ಕುಟುಂಬ ಲಂಡನ್‌ಗೆ ಹೋಗಿ ನೆಲೆಸಿತು. ಇಂದ್ರಲಾಲ್ ಅಲ್ಲಿನ ಸೇಂಟ್ ಪಾಲ್ಸ್ ಶಾಲೆ ಸೇರಿದರು. 1914ರಲ್ಲಿ ಯುದ್ಧ ಶುರುವಾದಾಗ ಅವರಿಗೆ ಇನ್ನೂ 15 ವರ್ಷ. ಓದಿನಲ್ಲಿ ಮುಂದಿದ್ದ ಅವರಿಗೆ ಆಕ್ಸ್‌ಫರ್ಡ್‌ಗೆ ಹೋಗುವ ಅವಕಾಶವೂ ಇತ್ತು. ಆದರೆ ಮನಸ್ಸು ಆಗಲೇ ವಿಮಾನದ ಕಡೆ ವಾಲಿತ್ತು.

ಮಾರಿದ್ದು ಮೋಟಾರ್‌ಸೈಕಲ್, ಗಳಿಸಿದ್ದು ರೆಕ್ಕೆ

ಶಾಲೆ ಮುಗಿಸುವ ಹೊತ್ತಿಗೆ ಇಂದ್ರಲಾಲ್ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದರು. ಇಂದಿನ ರಾಯಲ್ ಏರ್‌ಫೋರ್ಸ್ ಹುಟ್ಟುವ ಮುಂಚೆ ಇದ್ದ ಸೇನಾ ವಿಮಾನದಳ ಅದು. ಭಾರತೀಯರಿಗೆ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿ ಹುದ್ದೆ ಸಿಗುವುದೇ ಅಪರೂಪವಾಗಿದ್ದ ಕಾಲ. ಅದರ ಮೇಲೆ ವೈದ್ಯರು ದೃಷ್ಟಿ ಸರಿಯಿಲ್ಲ ಎಂದು ಬರೆದರು. ಅರ್ಜಿ ಬಿದ್ದುಹೋಯಿತು.

ಅಷ್ಟಕ್ಕೇ ಬಿಟ್ಟು ಆಕ್ಸ್‌ಫರ್ಡ್ ದಾರಿ ಹಿಡಿದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಇಂದ್ರಲಾಲ್ ಮಾಡಿದ್ದೇ ಬೇರೆ. ತಮ್ಮ ಮೋಟಾರ್‌ಸೈಕಲ್ ಮಾರಿದರು. ಆ ಹಣದಲ್ಲಿ ಬ್ರಿಟನ್ನಿನ ಹೆಸರಾಂತ ಕಣ್ಣಿನ ತಜ್ಞರೊಬ್ಬರ ಬಳಿ ಹೋಗಿ ಮತ್ತೆ ಪರೀಕ್ಷೆ ಮಾಡಿಸಿಕೊಂಡರು. ಎರಡನೇ ಅಭಿಪ್ರಾಯ ಅವರ ಪರವಾಗಿ ಬಂತು. ಮೊದಲ ತೀರ್ಪು ರದ್ದಾಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವರು ವಶೀಲಿ ಹುಡುಕಲಿಲ್ಲ, ದೋಷವನ್ನು ಮುಚ್ಚಿಡಲಿಲ್ಲ. ವೈದ್ಯರ ತೀರ್ಪಿಗೆ ವೈದ್ಯರಿಂದಲೇ ಉತ್ತರ ತಂದರು. ಆ ತಜ್ಞರೂ ಆಗದು ಎಂದಿದ್ದರೆ ಅವರ ಕನಸು ಅಲ್ಲಿಗೇ ನಿಲ್ಲುತ್ತಿತ್ತು. ಆ ಸಾಧ್ಯತೆ ಗೊತ್ತಿದ್ದೂ ಅವರು ಪರೀಕ್ಷೆಗೆ ಕುಳಿತರು.

1917ರ ಏಪ್ರಿಲ್‌ನಲ್ಲಿ ಕೆಡೆಟ್ ಆಗಿ ಸೇರಿದ ಅವರು ಜುಲೈ 5ರಂದು ಸೆಕೆಂಡ್ ಲೆಫ್ಟಿನೆಂಟ್ ಆದರು. ಫ್ರಾನ್ಸ್‌ನ ವಾಂದೋಮ್‌ನಲ್ಲಿ ಹಾರಾಟದ ತರಬೇತಿ, ಸ್ಕಾಟ್ಲೆಂಡ್‌ನ ಟರ್ನ್‌ಬೆರಿಯಲ್ಲಿ ವಿಮಾನದಿಂದ ಗುಂಡು ಹಾರಿಸುವ ತರಬೇತಿ ನಡೆಯಿತು. ಅಕ್ಟೋಬರ್ ಕೊನೆಗೆ ಅವರು ಫ್ರಾನ್ಸ್‌ನ ಯುದ್ಧರಂಗದಲ್ಲಿದ್ದ 56ನೇ ಸ್ಕ್ವಾಡ್ರನ್‌ನಲ್ಲಿದ್ದರು.

ಬಿದ್ದ ಪೈಲಟ್ ನೆಲದ ಮೇಲೆ ಕಳೆದ ತಿಂಗಳುಗಳು

ಅವರ ಆರಂಭ ಚೆನ್ನಾಗಿರಲಿಲ್ಲ. 1917ರ ಡಿಸೆಂಬರ್ 6ರಂದು ಅವರ ಎಸ್‌ಇ-5ಎ ವಿಮಾನ ಅಪಘಾತಕ್ಕೀಡಾಯಿತು. ಗಾಯಗೊಂಡ ಅವರನ್ನು ಹಾರಾಟಕ್ಕೆ ಅನರ್ಹ ಎಂದು ಘೋಷಿಸಲಾಯಿತು. ಅಷ್ಟು ಕಷ್ಟಪಟ್ಟು ಗಳಿಸಿದ ರೆಕ್ಕೆ ಸ್ಕ್ವಾಡ್ರನ್ ಸೇರಿದ ಆರು ವಾರದೊಳಗೆ ಕೈತಪ್ಪಿತು.

ಚೇತರಿಸಿಕೊಳ್ಳುವ ದಿನಗಳಲ್ಲಿ ಇಂದ್ರಲಾಲ್ ಪೆನ್ಸಿಲ್ ಹಿಡಿದು ವಿಮಾನಗಳ ಚಿತ್ರ ಬರೆದರು. ಅವರ ಹಲವು ಚಿತ್ರಗಳು ಇಂದಿಗೂ ಉಳಿದಿವೆ. ಆಮೇಲೆ ಅವರಿಗೆ ಸಿಕ್ಕಿದ್ದು ಸಲಕರಣೆ ವಿಭಾಗದ ಅಧಿಕಾರಿ ಕೆಲಸ. ಉಳಿದವರು ಹಾರುತ್ತಿದ್ದಾಗ ಅವರು ನೆಲದ ಮೇಲೆ ಕೆಲಸ ಮಾಡುತ್ತಾ, ಮತ್ತೆ ಹಾರಲು ಬಿಡಿ ಎಂದು ಮೇಲಿನವರಿಗೆ ಒತ್ತಾಯ ಮಾಡುತ್ತಲೇ ಇದ್ದರು.

ಕೊನೆಗೆ ವೈದ್ಯರು ಒಪ್ಪಿದರು. 1918ರ ಜೂನ್ 19ರಂದು ಅವರು 40ನೇ ಸ್ಕ್ವಾಡ್ರನ್ ಸೇರಿದರು. ಅಲ್ಲಿ ಅವರ ಫ್ಲೈಟ್ ಕಮಾಂಡರ್ ಐರ್ಲೆಂಡ್ ಮೂಲದ ಕ್ಯಾಪ್ಟನ್ ಜಾರ್ಜ್ ಮ್ಯಾಕೆಲ್‌ರಾಯ್. ಆ ಯುದ್ಧದ ಅತ್ಯಂತ ಯಶಸ್ವಿ ಪೈಲಟ್‌ಗಳಲ್ಲಿ ಅವರೂ ಒಬ್ಬರು. ಒಳ್ಳೆಯ ಗುರುವಿನ ಜೊತೆ ಹಾರುವ ಅವಕಾಶ ಇಂದ್ರಲಾಲ್‌ಗೆ ಸಿಕ್ಕಿತು.

ಜುಲೈ 6ರಿಂದ ಜುಲೈ 19ರವರೆಗೆ

1918ರ ಜುಲೈ 6ರಂದು ಮೊದಲ ಗೆಲುವು. ಜುಲೈ 8ರಂದು ನಾಲ್ಕು ಗಂಟೆಗಳ ಅವಧಿಯಲ್ಲಿ ಮೂರು. 13ರಂದು ಎರಡು, 15ರಂದು ಎರಡು, 18ರಂದು ಒಂದು, 19ರಂದು ಇನ್ನೊಂದು. ಹೀಗೆ 14 ದಿನದಲ್ಲಿ ಒಟ್ಟು ಹತ್ತು. ಇವುಗಳಲ್ಲಿ ಐದು ಶತ್ರು ವಿಮಾನಗಳು ನಾಶವಾದವು ಎಂದೂ, ಐದು ಹತೋಟಿ ತಪ್ಪಿ ಕೆಳಗಿಳಿದವು ಎಂದೂ ದಾಖಲಾಗಿದೆ. ಎರಡು ಗೆಲುವುಗಳಲ್ಲಿ ಸಹ ಪೈಲಟ್‌ಗಳ ಪಾಲೂ ಇತ್ತು. ಐದು ಗೆಲುವು ಪಡೆದವರನ್ನು ಏಸ್ ಎನ್ನುವುದು ರೂಢಿ. ಅವರು ಅದರ ಎರಡರಷ್ಟು ಗಳಿಸಿದ್ದರು. ಅಷ್ಟು ಹೊತ್ತಿಗೆ ಅವರ ಒಟ್ಟು ಹಾರಾಟದ ಅನುಭವ ಸುಮಾರು 170 ಗಂಟೆ.

ಜುಲೈ 22ರಂದು ಫ್ರಾನ್ಸ್‌ನ ಕಾರ್ವ್ಯಾಂ ಪಟ್ಟಣದ ಮೇಲೆ ಜರ್ಮನಿಯ ಫೋಕರ್ ಡಿ-7 ವಿಮಾನಗಳ ಜೊತೆ ಕಾದಾಟ ನಡೆಯಿತು. ಇಂದ್ರಲಾಲ್ ಅವರ ವಿಮಾನ ಉರುಳಿತು. ಬ್ರಿಟಿಷ್ ಫೈಟರ್ ಪೈಲಟ್‌ಗಳಿಗೆ ಆಗ ಪ್ಯಾರಾಚೂಟ್ ಕೊಡುತ್ತಿರಲಿಲ್ಲ. ಅವರಿಗೆ ಇನ್ನೂ 20 ತುಂಬಿರಲಿಲ್ಲ. ಒಂಬತ್ತು ದಿನಗಳ ನಂತರ ಅವರ ಗುರು ಮ್ಯಾಕೆಲ್‌ರಾಯ್ ಕೂಡ ಹತರಾದರು.

ಸೆಪ್ಟೆಂಬರ್‌ನಲ್ಲಿ ಇಂದ್ರಲಾಲ್‌ಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಘೋಷಣೆಯಾಯಿತು. ಆ ಪದಕ ಪಡೆದ ಮೊದಲ ಭಾರತೀಯ ಅವರು.

ಅವರ ಹಿಂದೆ ಬಂದವರು

ಆ ಯುದ್ಧದಲ್ಲಿ ಬ್ರಿಟಿಷ್ ವಿಮಾನದಳದ ಪೈಲಟ್‌ಗಳಾಗಿದ್ದ ಭಾರತೀಯರು ಬೆರಳೆಣಿಕೆಯಷ್ಟು. ಹರ್ದಿತ್ ಸಿಂಗ್ ಮಲಿಕ್, ಮುಂಬೈನ ವೆಲಿಂಕರ್, ಎರಲ್ ಚಂದರ್ ಸೇನ್ ಅವರಲ್ಲಿ ಸೇರಿದ್ದಾರೆ. ಭಾರತೀಯರು ವಿಮಾನ ಹಾರಿಸಬಲ್ಲರೇ ಎಂಬ ಪ್ರಶ್ನೆಗೆ ಇವರೇ ಉತ್ತರವಾದರು. 1930ರಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ವೆಲ್ ಕಾಲೇಜಿನ ಬಾಗಿಲು ಭಾರತೀಯ ಕೆಡೆಟ್‌ಗಳಿಗೆ ತೆರೆಯಿತು. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಹುಟ್ಟಿತು. ಕ್ರ್ಯಾನ್‌ವೆಲ್‌ಗೆ ಹೋದ ಮೊದಲ ತಂಡದ ಸುಬ್ರತೋ ಮುಖರ್ಜಿ 1954ರಲ್ಲಿ ಅದರ ಮೊದಲ ಭಾರತೀಯ ಮುಖ್ಯಸ್ಥರಾದರು.

ಇಂದು ಪೈಲಟ್ ಆಗುವುದು ಹೇಗೆ?

ಇಂದ್ರಲಾಲ್ ಕಾಲದಲ್ಲಿ ಮುಚ್ಚಿದ್ದ ಬಾಗಿಲು ಈಗ ಹಲವು ಕಡೆ ತೆರೆದಿದೆ. 12ನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿದವರು ಎನ್‌ಡಿಎ ಪರೀಕ್ಷೆ ಬರೆಯಬಹುದು. ಪದವಿ ಮುಗಿಸಿದವರಿಗೆ ಎಎಫ್‌ಕ್ಯಾಟ್ ಇದೆ. ಮಹಿಳೆಯರಿಗೂ ಈ ದಾರಿಗಳು ತೆರೆದಿವೆ. 2016ರಲ್ಲಿ ಮೊದಲ ಮೂವರು ಮಹಿಳೆಯರು ಫೈಟರ್ ವಿಭಾಗ ಸೇರಿದರು. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬಿಟ್ಟರೆ ಪೈಲಟ್ ದಾರಿಯೂ ಬಿಟ್ಟಂತೆ ಎಂಬುದನ್ನು ಎಸ್‌ಎಸ್‌ಎಲ್‌ಸಿ ಮುಗಿದಾಗಲೇ ನೆನಪಿಡುವುದು ಒಳ್ಳೆಯದು.

ಲಿಖಿತ ಪರೀಕ್ಷೆಯ ನಂತರ ಆಯ್ಕೆ ಮಂಡಳಿಯ ಸಂದರ್ಶನ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಪೈಲಟ್ ಆಗುವ ಸಹಜ ಸಾಮರ್ಥ್ಯ ಅಳೆಯಲು ಕಂಪ್ಯೂಟರ್ ಆಧಾರಿತ ಪರೀಕ್ಷೆ ಬೇರೆ. ನಂತರ ವೈದ್ಯಕೀಯ ತಪಾಸಣೆ. ಆಯ್ಕೆಯಾದವರಿಗೆ ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ ತರಬೇತಿ. ಫೈಟರ್ ಪೈಲಟ್ ಆಗುವವರು ಹಾಕ್ ಜೆಟ್ ಹಾರಿಸಲು ಕಲಿಯುವ ಮುಖ್ಯ ನೆಲೆ ನಮ್ಮ ಬೀದರ್.

ಅರ್ಜಿ ಹಾಕುವ ಮೊದಲೇ ಒಳ್ಳೆಯ ನೇತ್ರತಜ್ಞರಿಂದ ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ ಎರಡನ್ನೂ ಪರೀಕ್ಷಿಸಿಕೊಂಡರೆ ಕೊನೆಯ ಹಂತದ ಆಘಾತ ತಪ್ಪುತ್ತದೆ. ದೋಷ ಮುಚ್ಚಿಟ್ಟು ಪ್ರಯೋಜನವಿಲ್ಲ. ವೈದ್ಯಕೀಯ ಮಂಡಳಿ ಅನರ್ಹ ಎಂದರೆ ಮೇಲ್ಮನವಿ ಮಂಡಳಿಯ ಮುಂದೆ ಮತ್ತೆ ಪರೀಕ್ಷೆ ಕೇಳಲು ಅವಕಾಶವಿದೆ, ಅದಕ್ಕೆ ಗಡುವು ಇರುತ್ತದೆ. ಇಂದ್ರಲಾಲ್ ಮೋಟಾರ್‌ಸೈಕಲ್ ಮಾರಿ ಪಡೆದ ಎರಡನೇ ಅವಕಾಶ ಇಂದು ನಿಯಮದಲ್ಲೇ ಇದೆ. ಅಲ್ಲೂ ಆಗದಿದ್ದರೆ ವಾಯುಪಡೆಯ ಗ್ರೌಂಡ್ ಡ್ಯೂಟಿ ವಿಭಾಗಗಳಿವೆ. ಅಲ್ಲಿನ ವೈದ್ಯಕೀಯ ಮಾನದಂಡವೇ ಬೇರೆ.

ಫ್ರಾನ್ಸ್ ಮಣ್ಣಿನಲ್ಲಿ ಬಂಗಾಳಿ ಅಕ್ಷರ

ಕೋಲ್ಕತ್ತಾದ ಭವಾನಿಪುರದಲ್ಲಿ ಒಂದು ರಸ್ತೆಗೆ ಇಂದ್ರಲಾಲ್ ರಾಯ್ ಅವರ ಹೆಸರಿದೆ. ಹುಟ್ಟಿ ನೂರು ವರ್ಷವಾದ 1998ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅವರ ಸಮಾಧಿ ಇರುವುದು ಉತ್ತರ ಫ್ರಾನ್ಸ್‌ನ ಎಸ್ತೆವೆಲ್ ಎಂಬ ಸಣ್ಣ ಊರಿನ ಸ್ಮಶಾನದಲ್ಲಿ. ಅದರ ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳಿವೆ. ಅಲ್ಲಿ ಮಲಗಿರುವವರು ಯುದ್ಧದಲ್ಲಿ ಹಾರಿದ್ದು ಕೆಲವೇ ವಾರ. ಅದಕ್ಕಾಗಿ ಅವರು ತಿರಸ್ಕಾರ ಎದುರಿಸಿದ್ದು, ಕಾದಿದ್ದು, ಕಲಿತಿದ್ದು ಅದಕ್ಕಿಂತ ಬಹಳ ಹೆಚ್ಚು ಕಾಲ.