ಬೀರುವಿನ ಬೀಗವೂ ಆಚಾರ್ಯ ರಂಗನಾಥನ್ನರೂ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಿಜಯನಗರಕ್ಕೆ ತಾಗಿಕೊಂಡು, ಹಂಪಿನಗರವೆಂದೂ ಆರ್‌ಪಿಸಿ ಲೇಔಟ್ ಎಂದೂ ಎರಡು ಹೆಸರುಗಳಿಂದ ಕರೆಯಲ್ಪಡುವ ಬಡಾವಣೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ನಗರ ಕೇಂದ್ರ ಗ್ರಂಥಾಲಯದ ಪಶ್ಚಿಮ ವಲಯದ ಕಟ್ಟಡವು ಇರುವುದು ಅಲ್ಲಿಯೇ. ಬಡಾವಣೆಯ ಮನೆಯೊಡೆಯರು ವರ್ಷಂಪ್ರತಿ ಸಲ್ಲಿಸುವ ಆಸ್ತಿ ತೆರಿಗೆಯೊಡನೆ, ಆ ತೆರಿಗೆಯ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. ವೃದ್ಧರು ಪತ್ರಿಕೆಗಳನ್ನು ನೋಡುವುದಕ್ಕೂ, ಯುವಕರು ಸರ್ಕಾರಿ ಪರೀಕ್ಷೆಗಳಿಗೆ ಸಿದ್ಧರಾಗುವುದಕ್ಕೂ ಇಂಥ ಗ್ರಂಥಾಲಯಗಳನ್ನು ಆಶ್ರಯಿಸಿರುವುದು ಸಂತೋಷದ ಸಂಗತಿ. ಆದರೆ ಎಂಟು ಹತ್ತು ವರ್ಷದ ಮಗುವು ಈಗಿನ ವಾಹನಗಳ ನಡುವೆ ರಸ್ತೆಯನ್ನು ದಾಟಿ ತಾನೊಂದೇ ಅಲ್ಲಿಗೆ ಹೋಗುವುದೆಂತು? ಅದರ ಗ್ರಂಥಾಲಯವು ಅದರ ಶಾಲೆಯೊಳಗೇ ಇರತಕ್ಕದ್ದು.

ಇರುವುದೂ ಉಂಟು. ಕೆಲವು ಕಾಲದ ಹಿಂದೆ ನಾವು ನಗರದ ಒಂದು ಶಾಲೆಯನ್ನು ನೋಡಲು ಹೋಗಿದ್ದೆವು. ಅದರ ಹೆಸರು ಇಲ್ಲಿ ಅನಾವಶ್ಯಕ. ಗ್ರಂಥಾಲಯವೆಲ್ಲಿ ಎಂದು ಕೇಳಲಾಗಿ, ಮುಖ್ಯೋಪಾಧ್ಯಾಯರು ತಮ್ಮ ಕೊಠಡಿಯಲ್ಲಿದ್ದ ಎರಡು ಉಕ್ಕಿನ ಬೀರುಗಳನ್ನು ತೋರಿಸಿದರು. ಎರಡಕ್ಕೂ ಬೀಗ. ಗಾಜಿನ ಹಿಂದೆ ಕಥೆಯ ಪುಸ್ತಕಗಳು, ಪ್ರಾಣಿಗಳ ಚಿತ್ರಪುಸ್ತಕಗಳು ಅಂಗಡಿಯಿಂದ ಬಂದ ದಿನದ ಹೊಳಪಿನಲ್ಲಿಯೇ ನಿಂತಿದ್ದುವು. ಮಕ್ಕಳಿಗೆ ಕೊಡುವುದಿಲ್ಲವೇ ಎಂದಾಗ ಅವರು ಮರೆಮಾಚದೆ ಉತ್ತರ ಹೇಳಿದರು: ಒಂದು ಪುಸ್ತಕ ಕಳೆದುಹೋದರೆ ಲೆಕ್ಕ ಪರಿಶೋಧನೆಯ ಕಾಲದಲ್ಲಿ ಅದರ ಬೆಲೆ ತಮ್ಮ ಸಂಬಳದಿಂದ ಹೋಗುವುದೆಂದೂ, ಒಂದೂ ಕಳೆಯದೆ ಇದ್ದರೆ ಯಾರೂ ಏನನ್ನೂ ಕೇಳುವುದಿಲ್ಲವೆಂದೂ ತಿಳಿಸಿದರು. ಆ ಉಪಾಧ್ಯಾಯರನ್ನು ದೂಷಿಸಲು ನಮಗೆ ಮನಸ್ಸು ಬರಲಿಲ್ಲ. ಈ ಭಯವು ಅವರೊಬ್ಬರದಲ್ಲ, ಹೊಸದೂ ಅಲ್ಲ. ಇದರೊಡನೆ ಐವತ್ತು ವರ್ಷಗಳ ಕಾಲ ಸೆಣಸಿದ ಮಹನೀಯರೊಬ್ಬರು ತಮ್ಮ ಕಡೆಯ ಹದಿನೈದು ವರ್ಷಗಳನ್ನು ಈ ನಗರದಲ್ಲಿಯೇ ಕಳೆದರೆಂಬುದು ಜ್ಞಾಪಕಕ್ಕೆ ಬಂದಿತು. ಆಗಸ್ಟ್ ೧೨ನ್ನು ಗ್ರಂಥಪಾಲಕರ ದಿನವೆಂದು ದೇಶವು ಆಚರಿಸುವುದು ಅವರ ನೆನಪಿಗಾಗಿಯೇ.

ಶಿಯಾಳಿ ರಾಮಾಮೃತ ರಂಗನಾಥನ್ನರು ೧೮೯೨ನೆಯ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದರು. ಆರು ವರ್ಷ ತುಂಬುವಷ್ಟರಲ್ಲಿ ಪಿತೃವಿಯೋಗವಾಯಿತು. ಬಂಧುಗಳ ಆಸರೆಯಲ್ಲಿ ಬೆಳೆದರು. ಮೈಯಲ್ಲಿ ಶಕ್ತಿ ಸಾಲದು. ಮಾತಿನಲ್ಲಿ ಉಗ್ಗು ಬೇರೆ. ಆ ಉಗ್ಗನ್ನು ಸ್ವಪ್ರಯತ್ನದಿಂದ ಗೆದ್ದು ಮುಂದೆ ಸಾವಿರಾರು ಉಪನ್ಯಾಸಗಳನ್ನು ಮಾಡಿದರೆಂಬುದೇ ಅವರ ಸ್ವಭಾವವನ್ನು ತಿಳಿಸುತ್ತದೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಓದಿ ೧೯೧೬ರಲ್ಲಿ ಎಂ.ಎ. ಪದವಿಯನ್ನು ಪಡೆದು, ಉಪಾಧ್ಯಾಯ ವೃತ್ತಿಯ ಶಿಕ್ಷಣವನ್ನೂ ಮುಗಿಸಿ, ೧೯೧೭ರಲ್ಲಿ ಮೊದಲನೆಯ ಕೆಲಸಕ್ಕೆ ಬಂದದ್ದು ನಮ್ಮ ಮಂಗಳೂರಿಗೆ. ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಅವರು ಪಾಠ ಹೇಳಿದರು. ಪಂಜೆ ಮಂಗೇಶರಾಯರಂಥವರು ಮಕ್ಕಳಿಗಾಗಿ ಕನ್ನಡದಲ್ಲಿ ಕಥೆ ಪದ್ಯಗಳನ್ನು ಬರೆದು ಕೊಟ್ಟ ಜಿಲ್ಲೆ ಅದು. ಮಕ್ಕಳ ಸಾಹಿತ್ಯಕ್ಕೂ ಮಕ್ಕಳ ಗ್ರಂಥಾಲಯಕ್ಕೂ ದುಡಿದ ಇಬ್ಬರಿಗೂ ಒಂದೇ ಜಿಲ್ಲೆಯ ನೀರಿನ ಋಣವಿದ್ದುದನ್ನು ನೆನೆದು ನಾವು ಹೆಮ್ಮೆಪಟ್ಟರೆ ತಪ್ಪಿಲ್ಲವಷ್ಟೆ.

ಮಂಗಳೂರಿನ ತರುವಾಯ ಕೊಯಮತ್ತೂರು, ಅನಂತರ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಗಣಿತವನ್ನು ಬಿಡುವ ಯೋಚನೆಯೇ ಅವರಿಗೆ ಇರಲಿಲ್ಲ. ಆಗ ಮದರಾಸು ವಿಶ್ವವಿದ್ಯಾನಿಲಯದವರು ಲೈಬ್ರೇರಿಯನ್ ಹುದ್ದೆಯನ್ನು ಹೊಸದಾಗಿ ಏರ್ಪಡಿಸಿದರು. ಸುಮಾರು ಒಂಬೈನೂರು ಮಂದಿ ಅರ್ಜಿ ಹಾಕಿದರೆಂದೂ, ಅವರಲ್ಲಿ ಒಬ್ಬರಿಗೂ ಆ ವಿದ್ಯೆಯ ಗಂಧವಿರಲಿಲ್ಲವೆಂದೂ ಹೇಳುತ್ತಾರೆ. ರಂಗನಾಥನ್ನರಿಗೂ ಇರಲಿಲ್ಲ, ಸಂದರ್ಶನಕ್ಕೆ ಹೋಗುವ ಮುಂಚೆ ಒಂದು ವಿಶ್ವಕೋಶದಲ್ಲಿದ್ದ ಲೇಖನವನ್ನು ಓದಿಕೊಂಡು ಹೋದದ್ದೇ ಅವರ ಸಿದ್ಧತೆ. ಸಂಬಳ ಹೆಚ್ಚೆಂಬ ಕಾರಣದಿಂದ ಸ್ನೇಹಿತರು ಒತ್ತಾಯಪಡಿಸಿದ ಮೇಲೆ ೧೯೨೪ನೆಯ ಜನವರಿಯಲ್ಲಿ ಒಲ್ಲದ ಮನಸ್ಸಿನಿಂದ ಅಧಿಕಾರ ವಹಿಸಿದರು. ಕೆಲವೇ ದಿನಗಳಲ್ಲಿ ಆ ಏಕಾಂತವು ಅಸಹ್ಯವಾಯಿತು. ಓದುವವರಿಲ್ಲ, ಕೇಳುವವರಿಲ್ಲ, ವಿದ್ಯಾರ್ಥಿಗಳ ನಡುವೆ ಬಾಳಿದವರಿಗೆ ಅದು ಸೆರೆಮನೆಯಂತೆ ತೋರಿತು. ತಮ್ಮನ್ನು ಮರಳಿ ಕಾಲೇಜಿಗೆ ಕಳುಹಿಸಬೇಕೆಂದು ಬೇಡಿಕೊಂಡರು. ಒಮ್ಮೆ ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಲಿ, ಆಮೇಲೂ ಬೇಡವೆನಿಸಿದರೆ ಗಣಿತಕ್ಕೆ ಹಿಂದಿರುಗಬಹುದು ಎಂದು ಮೇಲಿನವರು ತೀರ್ಮಾನ ಹೇಳಿದರು.

ಆ ಪ್ರಯಾಣವೇ ಅವರ ಜೀವನದ ತಿರುವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ಗುರುಗಳು ದೊರೆತರು; ಸೇಯರ್ಸರು ಕ್ರಾಯ್ಡನ್ ನಗರದ ಗ್ರಂಥಾಲಯದ ಮುಖ್ಯಸ್ಥರು. ರಂಗನಾಥನ್ನರು ಕೊಠಡಿಯ ಪಾಠಕ್ಕೆ ತೃಪ್ತರಾಗದೆ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕೂಲಿಗಾರರೂ, ಗೃಹಿಣಿಯರೂ, ಮಕ್ಕಳೂ ಯಾರ ಅಪ್ಪಣೆಯನ್ನೂ ಬೇಡದೆ ಕಪಾಟಿನ ಬಳಿಗೆ ಹೋಗಿ ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಿದ್ದುದನ್ನು ಕಂಡರು. ನಮ್ಮನ್ನು ಆಳುತ್ತಿದ್ದ ಜನರು ತಮ್ಮ ಊರಿನ ಮಕ್ಕಳಿಗೆ ಇಷ್ಟನ್ನೂ ಮಾಡಿಕೊಂಡು, ಇಲ್ಲಿಯ ಮಕ್ಕಳಿಗೆ ಪಠ್ಯಪುಸ್ತಕವೇ ಸಾಕೆಂದು ಬಿಟ್ಟಿದ್ದರು. ಗಣಿತದ ಉಪಾಧ್ಯಾಯರು ಅದನ್ನು ಮರೆಯಲಿಲ್ಲ.

ಲಂಡನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಅವರು ಮೆಕ್ಯಾನೊ ಎಂಬ ಆಟದ ಸಾಮಾನನ್ನು ನೋಡಿದ ಪ್ರಸಂಗವು ಪ್ರಸಿದ್ಧವಾದದ್ದು. ಅವೇ ಪಟ್ಟಿಗಳು, ಅವೇ ತಿರುಪುಗಳು. ಜೋಡಿಸುವ ಕ್ರಮ ಬದಲಾದರೆ ಒಮ್ಮೆ ಸೇತುವೆ, ಒಮ್ಮೆ ಗಾಡಿ. ಪುಸ್ತಕಗಳ ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದೆಂಬ ಆಲೋಚನೆ ಅವರಿಗೆ ಅಲ್ಲಿ ಹೊಳೆಯಿತು. ೧೯೩೩ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಪದ್ಧತಿಯ ಬೀಜವು ಮಕ್ಕಳ ಆಟಿಕೆಯಲ್ಲಿತ್ತೆಂಬುದು ನಮಗೆ ಬಹು ರುಚಿಸುವ ಸಂಗತಿ. ಪದ್ಧತಿಯ ಸೂಕ್ಷ್ಮಗಳನ್ನು ಅದರ ಪಂಡಿತರಿಗೇ ಬಿಡೋಣ.

೧೯೨೫ರಲ್ಲಿ ಹಿಂದಿರುಗಿದ ಮೇಲೆ ಗಣಿತಕ್ಕೆ ಮರಳುವ ಮಾತೇ ಬರಲಿಲ್ಲ. ಮದರಾಸಿನ ಗ್ರಂಥಾಲಯದಲ್ಲಿ ಕಪಾಟುಗಳನ್ನು ಓದುವವರಿಗೆ ತೆರೆದಿಟ್ಟರು. ಇಪ್ಪತ್ತು ವರ್ಷಗಳ ಕಾಲ ರಜೆಯನ್ನೇ ಪಡೆಯಲಿಲ್ಲ. ಮೊದಲ ಪತ್ನಿ ತೀರಿಕೊಂಡ ತರುವಾಯ ೧೯೨೯ರಲ್ಲಿ ಶಾರದಾ ಅವರನ್ನು ವಿವಾಹವಾದಾಗ, ಮುಹೂರ್ತ ಮುಗಿದೊಡನೆ ಕೆಲಸಕ್ಕೆ ಹೊರಟರಂತೆ. ಗೃಹಸ್ಥರಾದ ನಾವು ಇದನ್ನು ಮೆಚ್ಚಬೇಕೋ ಆ ತಾಯಿಗಾಗಿ ಮರುಗಬೇಕೋ ತಿಳಿಯದು. ೧೯೨೮ರಲ್ಲಿ ಮದರಾಸು ಗ್ರಂಥಾಲಯ ಸಂಘವು ಹುಟ್ಟಿತು. ೧೯೩೧ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟವು.

ಅದೇ ೧೯೩೧ರಲ್ಲಿ ಅವರ ಐದು ಸೂತ್ರಗಳ ಗ್ರಂಥವು ಹೊರಬಿದ್ದಿತು. ಪುಸ್ತಕವು ಇರುವುದು ಬಳಸುವುದಕ್ಕೆ ಎಂಬುದೇ ಮೊದಲನೆಯ ಸೂತ್ರದ ಅಭಿಪ್ರಾಯ. ಇದನ್ನು ಹೇಳಲು ಒಬ್ಬ ಪಂಡಿತನು ಬೇಕೇ ಎಂದು ಕೇಳುವವರುಂಟು. ಅವರು ನಾವು ಕಂಡ ಬೀರುಗಳನ್ನು ನೋಡಿಲ್ಲ. ಹಿಂದೆ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಕಟ್ಟಿಹಾಕುತ್ತಿದ್ದುದನ್ನು ರಂಗನಾಥನ್ನರು ಅಲ್ಲಿ ವಿವರಿಸುತ್ತಾರೆ. ಕೈಬರಹದ ಪ್ರತಿ ಅಪರೂಪವಾಗಿದ್ದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಅಚ್ಚಿನ ಯಂತ್ರ ಬಂದು ಶತಮಾನಗಳು ಕಳೆದರೂ ಕಾಯುವವನ ಮನಸ್ಸಿನಿಂದ ಸರಪಳಿ ಕಳಚಲಿಲ್ಲವೆಂಬುದು ಅವರ ದೂರು. ಆ ಸೂತ್ರವೊಂದರಿಂದಲೇ ಅವರು ಎಲ್ಲವನ್ನೂ ಹೊರಡಿಸುತ್ತಾರೆ. ಗ್ರಂಥಾಲಯವು ಜನರು ಓಡಾಡುವ ಜಾಗದಲ್ಲಿರಬೇಕು. ಅವರಿಗೆ ಬಿಡುವಿರುವ ಹೊತ್ತಿನಲ್ಲಿ ತೆರೆದಿರಬೇಕು. ಕಪಾಟು ನೆಲದ ಮೇಲೆ ನಿಂತವನ ಕೈಗೆ ಎಟಕುವಷ್ಟೇ ಎತ್ತರವಿರಬೇಕು. ನೋಡಿಕೊಳ್ಳುವವನು ಓದುವವರನ್ನು ಕಂಡು ಸಂತೋಷಪಡುವಂಥವನಾಗಿರಬೇಕು. ಪ್ರತಿಯೊಬ್ಬ ಓದುವವನಿಗೂ ಅವನದೊಂದು ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರದೊಬ್ಬ ಓದುಗ, ಓದುವವನ ಕಾಲವನ್ನು ಉಳಿಸುವುದು, ಗ್ರಂಥಾಲಯವು ಬೆಳೆಯುತ್ತಿರುವ ಜೀವವೆಂದು ತಿಳಿಯುವುದು, ಇವು ಉಳಿದ ನಾಲ್ಕರ ತಾತ್ಪರ್ಯ.

ಶಾಲೆಯ ಗ್ರಂಥಾಲಯಕ್ಕಾಗಿಯೇ ಅವರು ೧೯೪೨ರಲ್ಲಿ ಶಾಲಾ ಕಾಲೇಜು ಗ್ರಂಥಾಲಯಗಳ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನು ಬರೆದರು. ನಲವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಹೇಳುವ ಕ್ರಮದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಒಂದು ಮಗುವಿಗೆ ನಕ್ಷತ್ರಗಳಲ್ಲಿ ಕುತೂಹಲ, ಇನ್ನೊಂದಕ್ಕೆ ಹಾವುಗಳಲ್ಲಿ; ಪ್ರತಿಯೊಂದೂ ತನ್ನ ಪ್ರಶ್ನೆಯನ್ನು ಹಿಡಿದು ಕಪಾಟಿನ ಮುಂದೆ ನಿಂತು, ತಪ್ಪು ಪುಸ್ತಕವನ್ನು ತೆಗೆದು, ಅದನ್ನು ಬಿಟ್ಟು ಬೇರೊಂದನ್ನು ತೆಗೆದು ತಾನಾಗಿ ಕಂಡುಕೊಳ್ಳಬೇಕು. ಈ ಹುಡುಕಾಟವೇ ವಿದ್ಯಾಭ್ಯಾಸವೆಂದು ಅವರು ಬಗೆದರು. ಆದುದರಿಂದ ಗ್ರಂಥಾಲಯಕ್ಕೆ ವೇಳಾಪಟ್ಟಿಯಲ್ಲಿ ಸ್ಥಾನವನ್ನೂ, ಅದೇ ಕೆಲಸಕ್ಕೆಂದು ಶಿಕ್ಷಣ ಪಡೆದ ಒಬ್ಬರನ್ನೂ ಶಾಲೆಗಳಿಗೆ ಕೊಡಬೇಕೆಂದು ವಾದಿಸಿದರು. ಮಗುವಿಗೆ ಪುಸ್ತಕವನ್ನು ಆರಿಸಿಕೊಡುವ ಉಪಾಧ್ಯಾಯರು ಅನೇಕರಿದ್ದಾರೆ, ಅವರು ವಂದನೀಯರು. ಆರಿಸಿಕೊಳ್ಳಲು ಬಿಡುವವರು ವಿರಳ.

ಅವರ ಮಿಕ್ಕ ಸಾಹಸಗಳನ್ನು ಸಂಕ್ಷೇಪವಾಗಿ ಹೇಳುವೆವು. ೧೯೩೦ರಲ್ಲಿ ಕಾಶಿಯ ವಿದ್ಯಾಭ್ಯಾಸ ಸಮ್ಮೇಳನದಲ್ಲಿ ಮಂಡಿಸಿದ ಮಾದರಿ ಗ್ರಂಥಾಲಯ ಮಸೂದೆಯು ಮದರಾಸಿನಲ್ಲಿ ಕಾನೂನಾಗಲು ೧೯೪೮ರ ವರೆಗೆ, ಎಂದರೆ ಸ್ವಾತಂತ್ರ್ಯವು ಬರುವ ತನಕ, ಕಾಯಬೇಕಾಯಿತು. ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ದೆಹಲಿಯಲ್ಲಿಯೂ ದುಡಿದು, ಜ್ಯೂರಿಕ್‌ನಲ್ಲಿ ಕೆಲವು ಕಾಲ ನೆಲಸಿ, ೧೯೫೭ರಲ್ಲಿ ಬೆಂಗಳೂರಿಗೆ ಬಂದರು. ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು ಆ ವೇಳೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ, ಪತ್ನಿಯ ಹೆಸರೂ ಕೂಡಿದ ಪೀಠಕ್ಕಾಗಿ, ಒಪ್ಪಿಸಿಬಿಟ್ಟಿದ್ದರು. ೧೯೬೨ರಲ್ಲಿ ಇಲ್ಲಿ ಸ್ಥಾಪಿಸಿದ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಈಗ ಮೈಸೂರು ರಸ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿದೆ. ಆರ್‌ಪಿಸಿ ಲೇಔಟಿನಿಂದ ಕೆಲವೇ ಮೈಲಿಗಳು. ೧೯೬೫ರಲ್ಲಿ ಮೈಸೂರು ರಾಜ್ಯವೂ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಮಾಡಿತು. ಹಂಪಿನಗರದ ಮನೆಯೊಡೆಯರು ತೆರುವ ಕರದ ಮೂಲವು ಅದೇ.

ಆದರೆ ಆ ಕಾಯಿದೆಯು ಶಾಲೆಯ ಬಾಗಿಲಿನ ಹೊರಗೇ ನಿಂತಿತು. ಶಾಲೆಗಳ ಪಾಲಿಗೆ ಕಾನೂನಿನ ಬಲ ಬಂದುದು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಿಂದ. ಪತ್ರಿಕೆಗಳೂ, ಕಥೆಯ ಪುಸ್ತಕಗಳು ಸೇರಿ ಎಲ್ಲ ವಿಷಯಗಳ ಪುಸ್ತಕಗಳೂ ಇರುವ ಗ್ರಂಥಾಲಯವು ಪ್ರತಿ ಶಾಲೆಯಲ್ಲಿಯೂ ಇರಬೇಕೆಂದು ಅದರ ಅನುಸೂಚಿಯು ವಿಧಿಸುತ್ತದೆ. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಐದು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿಗಳ ವರೆಗೆ ಗ್ರಂಥಾಲಯ ಅನುದಾನವನ್ನು ಗೊತ್ತುಪಡಿಸಿದರು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ೨೦೨೦ರ ನವೆಂಬರಿನಿಂದ ಓದುವ ಬೆಳಕು ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡುವು. ಹೀಗೆ ಕಾನೂನು ಬಂದಿದೆ, ಹಣ ಬಂದಿದೆ, ಪುಸ್ತಕವೂ ಬಂದಿದೆ. ಬೀಗದ ಕೈ ಮಾತ್ರ ಭಯಪಟ್ಟವರ ಜೇಬಿನಲ್ಲಿದೆ.

ಆ ಭಯಕ್ಕೂ ಮದ್ದಿದೆ. ಅಧಿಕಾರಿಗಳಾದ ನಮ್ಮ ವಾಚಕರ ಗಮನವನ್ನು ಇಲ್ಲಿಗೆ ಸೆಳೆಯಬಯಸುವೆವು. ಭಾರತ ಸರ್ಕಾರದ ೨೦೧೭ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಒಂದು ವರ್ಷದಲ್ಲಿ ಎರವಲು ಹೋದ ಅಥವಾ ಬಳಕೆಯಾದ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋಗುವುದನ್ನು, ವಂಚನೆಯಾಗಲಿ ಅಲಕ್ಷ್ಯವಾಗಲಿ ಇಲ್ಲದ ಪಕ್ಷದಲ್ಲಿ, ಸಹಜವೆಂದು ಒಪ್ಪಿಕೊಂಡಿದ್ದಾರೆ. ಗಮನಿಸಬೇಕಾದುದೇನೆಂದರೆ, ಇಲ್ಲಿ ಲೆಕ್ಕವನ್ನು ಹಿಡಿದಿರುವುದು ಬೀರುವಿನಲ್ಲಿ ಇರುವ ಪುಸ್ತಕಗಳ ಮೇಲಲ್ಲದೆ ಓದಲು ಹೋದ ಪುಸ್ತಕಗಳ ಮೇಲೆ. ಹೆಚ್ಚು ಓದಿಸಿದವನಿಗೆ ಹೆಚ್ಚು ವಿನಾಯಿತಿ; ಓದಿಸದವನಿಗೆ ಏನೂ ಇಲ್ಲ. ಕೇಂದ್ರದ ಕಚೇರಿಗಳ ಗ್ರಂಥಾಲಯಗಳಿಗೆ ಸಲ್ಲುವ ಈ ನ್ಯಾಯವನ್ನು ಮೂರನೆಯ ತರಗತಿಯ ಮಗುವಿನ ಚಿತ್ರಪುಸ್ತಕಕ್ಕೂ ಸಲ್ಲಿಸುವೆವೆಂದು ನಮ್ಮ ವಿದ್ಯಾ ಇಲಾಖೆಯವರು ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ತಿಳಿಸಲು ಯಾವ ಅಡ್ಡಿಯಿದೆ? ಹಾಳೆ ಹರಿದರೆ ಅಂಟಿಸಬಹುದು. ಒಂದು ಪುಸ್ತಕ ಯಾವುದೋ ಮನೆಯಲ್ಲಿ ಉಳಿದುಬಿಟ್ಟರೆ, ಆ ಮನೆಯಲ್ಲಿ ಒಂದು ಪುಸ್ತಕವಾದರೂ ಇರುವಂತಾಯಿತು.

ರಂಗನಾಥನ್ನರು ೧೯೭೨ನೆಯ ಸೆಪ್ಟೆಂಬರ್ ೨೭ರಂದು ಬೆಂಗಳೂರಿನಲ್ಲಿ ದೈವಾಧೀನರಾದರು. ಹೊಸ ಶಿಕ್ಷಣವನ್ನೂ ಶಾಲೆಯ ಗ್ರಂಥಾಲಯವನ್ನೂ ಕುರಿತ ಅವರ ಗ್ರಂಥವು ಮಾರನೆಯ ವರ್ಷ ಪ್ರಕಟವಾಯಿತು. ಎಂಬತ್ತು ವರ್ಷದ ಆ ಉಪಾಧ್ಯಾಯರು ಕೊನೆಗೂ ಶಾಲೆಯ ಮಕ್ಕಳ ವಿಷಯಕ್ಕೇ ಮರಳಿದ್ದರು. ಮೇಲ್ಕಂಡ ಸುತ್ತೋಲೆಯು ಬರುವ ಆಗಸ್ಟ್ ೧೨ರೊಳಗೆ ಹೊರಡುವುದಾದರೆ, ಅದರ ಒಂದು ಪ್ರತಿಯನ್ನು ನಾವು ನೋಡಿಬಂದ ಶಾಲೆಗೆ ನಾವೇ ಕೊಂಡೊಯ್ದು ಕೊಡಲು ಸಿದ್ಧರಿದ್ದೇವೆ.